ರಾಧಿಕಾಳ ಸುಟ್ಟ ವಸಡು

ನಾನು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದೆ, ಅಮರಮ್ಮ ಟೀಚರು ಅವರೆಕಾಯಿ ಬಿಡಿಸುತ್ತಿದ್ದರು. ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಏನೇ ತಕರಾರಾದರೂ ನಿಜ ಹುಡುಕುವವರು ಅವರೇ. ಹಿಂದೆ ರಾತ್ರಿ ಶಾಲೆಯ ಕಂದೀಲಿನ ಬೆಳಕಲ್ಲಿ ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದ್ದರು. ಅಂದಿನಿಂದ ಅವರ ಬೆನ್ನು ಬಿಟ್ಟವಳಲ್ಲ.

ನೇಕಾರ ನರಸಿಂಹುಲು ಓಡಿಬಂದ. "ಟೀಚರಮ್ಮ, ಬರ್ರಿ. ತಂಗಿ ಬಾಯಿ ಸುಟ್ಟೈತಿ. ಅವ್ವ ನನ್ನ ಹೆಂಡ್ತಿನ ಗದ್ವಾಲಿಗೆ ಅಟ್ಟಾಕ ನಿಂತಾಳ."

ಅವನ ಹೆಂಡತಿ ಪ್ರಶಾಂತಿ ತವರಿನ ಮಾತು ಮೀರಿ ಮದುವೆಯಾದವಳು. ಗದ್ವಾಲಿನಲ್ಲಿ ಅವಳಿಗೆ ಬಾಗಿಲು ತೆರೆಯುವವರಿರಲಿಲ್ಲ.

ನಾವು ಹೋದಾಗ ಅವನ ತಂಗಿ ರಾಧಿಕಾಳ ವಸಡು ಸುಣ್ಣದಂತೆ ಬೆಳ್ಳಗಾಗಿತ್ತು. ತಾಯಿ ಸುಗುಣಮ್ಮನ ಕೆಂಪು ಸೆರಗಿನ ಮೇಲೆ ಅಲ್ಲಲ್ಲಿ ಬಿಳಿ ಹನಿಗಳು. ಹಳೆಯ ಸೀರೆ, ಬಣ್ಣ ಬಿಟ್ಟಿದೆ ಅಂದುಕೊಂಡೆ.

"ಹುಡುಗಿ ನೋಡಾಕ ಬರ್ತಾರಂತ ಹಲ್ಲು ಬೆಳ್ಳಗಾಗೋ ಮುಲಾಮು ತರಿಸ್ಯಾಳ ಈ ಮಹಾರಾಣಿ," ಅಂದಳು ಸುಗುಣಮ್ಮ, ಸೊಸೆಯತ್ತ ಕೈ ತೋರಿ.

"ಡಾಕ್ಟರಿಗೆ ಕೇಳಿ ಹಚ್ಚೋಣ ಅಂದಿದ್ದೆ, ಅತ್ತಿ," ಅಂದಳು ಪ್ರಶಾಂತಿ.

"ಬಚ್ಚಲದಾಗ ಬಟ್ಟಲಿತ್ತು. ಅತ್ತಿಗಿ ಮುಲಾಮು ಹಾಕಿಟ್ಟಾಳಂತ ಉಜ್ಜಿದೆ," ರಾಧಿಕಾ ತೊದಲಿದಳು.

ಟೀಚರು ಮುಲಾಮಿನ ಮುಚ್ಚಳ ತಿರುಗಿಸಿದರು. ಒಳಗಿನ ಬೆಳ್ಳಿ ಹಾಳೆ ಹರಿದಿರಲಿಲ್ಲ. ಬಟ್ಟಲಲ್ಲಿ ಉಳಿದಿದ್ದದ್ದು ನೀರಿನಂತೆ ತೆಳ್ಳಗಿತ್ತು. ರಾಧಿಕಾಳನ್ನು ಅಣ್ಣನೊಂದಿಗೆ ಹಲ್ಲಿನ ಡಾಕ್ಟರ ಬಳಿ ಕಳಿಸಿ, ತಾವು ಹಿತ್ತಲಿಗೆ ಹೋಗಿಬಂದರು.

ಅವರಿಬ್ಬರೂ ಮರಳಿದ ಮೇಲೆ ಎಲ್ಲರನ್ನೂ ಮಗ್ಗದ ಸುತ್ತ ಕೂರಿಸಿದರು.

"ಮುಲಾಮು ಒಡದೇ ಇಲ್ಲ. ಅಂದಮ್ಯಾಗ ಬಾಯಿ ಸುಟ್ಟಿದ್ದು ಬಟ್ಟಲದಾಗಿಂದು. ಹಿತ್ತಲದಾಗ ನೂಲು ಬಿಳಿ ಮಾಡೋ ಔಷಧದ ಕ್ಯಾನಿನ ಮುಚ್ಚಳ ಇನ್ನಾ ಹಸಿ ಐತಿ. ಅದು ಸಿಡಿದ್ರ ಬಣ್ಣ ಹೋಗ್ತದ. ಸುಗುಣಾ, ನಿನ್ನ ಸೆರಗು ನೋಡ್ಕೊ."

ಸುಗುಣಮ್ಮ ಸೆರಗು ಮುದುರಿದಳು. "ಮುಲಾಮಿನಾಗೂ ಅದೇ ಔಷಧ ಐತಿ ಅಂತ ಇವಳೇ ಓದಿ ಹೇಳಿದ್ಲ್ರಿ. ರೇಷ್ಮಿ ಎಳಿಗೇ ಏನಾಗಂಗಿಲ್ಲ, ಬಾಯಿಗೇನಾಗ್ತದ ಅಂದ್ಕೊಂಡು, ಡಾಕ್ಟರಿಗೆ ಕೇಳೋತನಕ ತಡೀಲಾರ್ದ ನಾನೇ ಬಟ್ಟಲಕ್ಕ ಸುರುವಿಟ್ಟೆ. ಆಮ್ಯಾಗ ಅಂಜಿಕಿ ಬಂತು, ಇವಳ ಮ್ಯಾಲ ಹಾಕಿದೆ."

"ಹೆಸರು ಒಂದೇ, ಕಸುವು ಬ್ಯಾರೆ. ಮುಲಾಮಿನಾಗ ಇರೋದು ಸ್ವಲ್ಪೇ. ಅದನ್ನೂ ಕೇಳದ ಹಚ್ಚಬಾರದು. ನಿನ್ನ ಮಗಳ ಹಲ್ಲಿನ ಕಂದು ಗೆರಿ ಬೋರಿನ ನೀರಿಂದು, ಮನ್ಯಾಗ ಉಜ್ಜಿದ್ರ ಹೋಗೋದಲ್ಲ. ನಮ್ಮ ಕಾಲಕ್ಕ ಸೇದೋ ಬಾವಿ ಇತ್ತು, ಬೇವಿನಕಡ್ಡಿ ಸಾಕಾಗಿತ್ತು."

ಡಾಕ್ಟರೂ ಹಾಗೇ ಅಂದರಂತೆ, ವಸಡು ಮಾಯುತ್ತದಂತೆ. ಪ್ರಶಾಂತಿ ನಾದಿನಿಗೆ ತಣ್ಣನೆ ಮಜ್ಜಿಗೆ ತಂದುಕೊಟ್ಟಳು. ಸುಗುಣಮ್ಮ ನನ್ನತ್ತ ತಿರುಗಿದಳು.

"ಪೆಂಟಮ್ಮಕ್ಕ," ಅಂದಳು ನನಗೆ, "ಗದ್ವಾಲಿನ ಬೀಗತಿ ಫೋನು ಎತ್ತಂಗಿಲ್ಲ. ಮದುವಿಯಾದಾಗಲೇ ಒಂದು ಕಾಗದ ಹಾಕಬೇಕಿತ್ತು, ಸೊಕ್ಕಿಲೆ ಬಿಟ್ಟೆ. ಈಗ ಬರಿ. ನಿಮ್ಮ ಮಗಳು ನನಗಿಂತ ಶಾಣ್ಯಾ ಅದಾಳ, ಒಮ್ಮಿ ನೋಡಾಕ ಬರ್ರಿ ಅಂತ."

"ಶಾಣ್ಯಾ ಅನ್ನೋದು ದಪ್ಪಗ ಬರೀರಿ," ಅಂದಳು ಪ್ರಶಾಂತಿ, ಕಣ್ಣೊರೆಸಿಕೊಳ್ಳುತ್ತ.

ಬರೆದುಕೊಟ್ಟೆ. ಸುಗುಣಮ್ಮ ಯಾರ ಕೈಗೂ ಕೊಡದೆ ತಾನೇ ಬಜಾರಿಗೆ ನಡೆದು, ಕಾಗದವನ್ನು ಅಂಚೆ ಡಬ್ಬಿಯೊಳಗೆ ಬೆರಳು ಹೋಗುವಷ್ಟು ಆಳಕ್ಕೆ ತಳ್ಳಿದಳು.