ಮದ್ದಿನ ಪೈಪು

ನವೆಂಬರ್ ಹನ್ನೊಂದರ ಬೆಳಿಗ್ಗೆ ಮಡಂತ್ಯಾರಿನ ಹೋಟೆಲ್ ಮಾಲಕ ನಿತ್ಯಾನಂದ ಶೆಟ್ಟರು ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ಸಂಜೆ ಸಿದ್ಧಕಟ್ಟೆಯಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಅವರ ಮಗ ರೋಹಿತನ ಕಾರು ಹೊತ್ತಿ ಉರಿದಿತ್ತು. ರೋಹಿತ್ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಫರಂಗಿಪೇಟೆಯ ಗ್ಯಾರೇಜಿನ ಇಬ್ರಾಹಿಂ ಮಾಡಿದ ಕೆಲಸವೇ ಸಾವಿಗೆ ಕಾರಣ ಎಂಬುದು ದೂರು.

"ಅವನನ್ನು ಇವತ್ತೇ ಒಳಗೆ ಹಾಕಿ ಮೇಡಂ. ಇಲ್ಲದಿದ್ರೆ ಹುಡುಗರನ್ನು ಹಿಡಿದಿಟ್ಟುಕೊಳ್ಳಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

ಇನ್‌ಸ್ಪೆಕ್ಟರ್ ಶಶಿಪ್ರಭಾ ನಿರ್ಲಕ್ಷ್ಯದಿಂದಾದ ಸಾವು ಎಂದು ಎಫ್‌ಐಆರ್ ದಾಖಲಿಸಿದಳು. ಶೆಟ್ಟರ ಮಗ ಸತ್ತ, ಇಬ್ರಾಹಿಂನ ಗ್ಯಾರೇಜು ಎಂಬ ಎರಡು ತುಂಡು ಮಾತು ಸಾಕು, ಮಧ್ಯಾಹ್ನದೊಳಗೆ ಅದು ಪೇಟೆಯಿಂದ ಪೇಟೆಗೆ ಹಬ್ಬಿ ಬೇರೆಯದೇ ಸುದ್ದಿಯಾಗುತ್ತದೆ. ಅವಳಿಗೆ ಹೆದರಿಕೆಯಾಯಿತು. ಆಗಲೇ ಗ್ಯಾರೇಜಿನ ಎದುರು ಮೂವತ್ತು ಮಂದಿ ಸೇರಿದ್ದಾರೆಂದು ಹೆಡ್ ಕಾನ್‌ಸ್ಟೆಬಲ್ ರುಕ್ಮಯ್ಯ ಫೋನಿಸಿದ. ಇಬ್ರಾಹಿಂನನ್ನು ಠಾಣೆಗೆ ಕರೆತರಲು ಹೇಳಿದಳು. ವಿಚಾರಣೆ ಒಂದು ಕಾರಣ, ಅವನ ಜೀವ ಇನ್ನೊಂದು.

ಐವತ್ತು ದಾಟಿದ ಇಬ್ರಾಹಿಂ ಕುರ್ಚಿಯ ತುದಿಯಲ್ಲಿ ಕುಳಿತ.

"ಏನು ಕೆಲಸ ಮಾಡಿದ್ದು?"

"ಟರ್ಬೊ ಗಾಡಿ ಮೇಡಂ, ಪವರ್ ಜಾಸ್ತಿ ಮಾಡಿಸಿದ್ದ. ಕಂಪೆನಿಯ ಪಂಪಿಗೆ ಅಷ್ಟು ಪೆಟ್ರೋಲ್ ಕೊಡ್ಲಿಕ್ಕೆ ಆಗುವುದಿಲ್ಲ. ಟ್ಯಾಂಕಿನೊಳಗೆ ದೊಡ್ಡ ಪಂಪ್ ಹಾಕಿದೆ, ಎಂಜಿನ್ ಮೇಲೆ ಹೈ ಪ್ರೆಷರ್ ಪಂಪ್, ಮತ್ತೆ ಇಂಜೆಕ್ಟರ್. ಆ ಹೈ ಪ್ರೆಷರ್ ಪಂಪಿಗೆ ಪೆಟ್ರೋಲ್ ಬರುವ ಪೈಪೂ ಹೊಸತೇ."

"ಲೀಕ್ ಇತ್ತಾ?"

"ನನ್ನಲ್ಲಿಂದ ಹೋಗುವಾಗ ಒಂದು ತೊಟ್ಟೂ ಇರ್ಲಿಲ್ಲ."

"ಎಲ್ಲರೂ ಹಾಗೇ ಹೇಳ್ತಾರೆ."

"ನೀವು ಹೀಗೆ ಹೇಳ್ತೀರಿ ಅಂತ ನನಗೂ ಗೊತ್ತಿತ್ತು ಮೇಡಂ."

ಅವನು ತನ್ನ ಮೊಬೈಲಿನಲ್ಲಿ ಕೆಲಸ ಮುಗಿಸಿದ ದಿನದ ವಿಡಿಯೊ ತೋರಿಸಿದ. ಪೈಪು ಕಪ್ಪು ಬಣ್ಣದ್ದು, ಎರಡೂ ತುದಿಗೆ ಯಂತ್ರದಲ್ಲಿ ಅದುಮಿ ಕೂರಿಸಿದ ಸ್ಟೀಲಿನ ಜೋಡಣೆ. ಕ್ಲಿಪ್ಪು ಎಂಬುದೇ ಇರಲಿಲ್ಲ.

ಮಧ್ಯಾಹ್ನ ಠಾಣೆಯ ಅಂಗಳದಲ್ಲಿ ಸುಟ್ಟ ಕಾರಿನ ಪಂಚನಾಮೆ ನಡೆಯಿತು. ಹೈ ಪ್ರೆಷರ್ ಪಂಪಿನ ಮೂತಿಯಲ್ಲಿ ಇದ್ದದ್ದು ಸ್ಕ್ರೂ ತಿರುಗಿಸಿ ಬಿಗಿಯುವ ಸಾದಾ ಕ್ಲಿಪ್. ಪಂಚರ ಎದುರಿಗೇ ಅದನ್ನು ಬಿಚ್ಚಿಸಿದಾಗ, ಅಡಿಯಲ್ಲಿ ಬೆರಳಗಲದ ಒಂದು ತುಂಡು ಪೈಪು ಸುಡದೆ ಉಳಿದಿತ್ತು. ಹಳದಿ ಬಣ್ಣ, ಒಳಗೆ ನೂಲಿನ ಹೆಣಿಗೆ. ಶಶಿಪ್ರಭಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತವರಿನಲ್ಲಿ ಪ್ರತಿ ಮಳೆಗಾಲ ಇದೇ ಪೈಪನ್ನು ಹೊತ್ತು ಅಣ್ಣ ಬೈದುಕೊಳ್ಳುತ್ತಿದ್ದ. ಅಡಿಕೆ ಕೊಳೆಯದಂತೆ ಔಷಧಿ ಸಿಂಪಡಿಸಲು, ಈ ಕಡೆಯವರ ಮಾತಿನಲ್ಲಿ ಮದ್ದು ಬಿಡಲು, ಬಳಸುವ ಪೈಪು.

"ಇದಿಲ್ಲದ ಮನೆ ಎಲ್ಲುಂಟು ಮೇಡಂ?" ಎಂದ ರುಕ್ಮಯ್ಯ. "ಮೂರು ತಾಲೂಕು ಹುಡುಕುವುದಾ?"

ಹುಡುಕಬೇಕಾಗಿರಲಿಲ್ಲ. ಅವಳ ತಲೆ ಕೊರೆಯುತ್ತಿದ್ದದ್ದು ದಾರಿ. ಗಾಡಿಯಲ್ಲಿ ಪೆಟ್ರೋಲ್ ವಾಸನೆ ಬರುತ್ತದೆ, ತೋರಿಸಿ ಬರುತ್ತೇನೆ ಎಂದು ರೋಹಿತ್ ಮನೆಯಿಂದ ಹೊರಟಿದ್ದ. ಫರಂಗಿಪೇಟೆಗಾದರೆ ಬಿ.ಸಿ. ರೋಡಿನ ಹೆದ್ದಾರಿ ಹಿಡಿಯಬೇಕು. ಅವನು ಮೂಡುಬಿದಿರೆಯ ಕಡೆ ಯಾಕೆ ಹೋದ? ಮರುದಿನ ಕರೆಗಳ ವಿವರ ಬಂತು. ಹೊರಡುವ ಮೊದಲು ಒಂದೇ ನಂಬರಿಗೆ ಎರಡು ಕರೆ ಹೋಗಿತ್ತು. ಎರಡನ್ನೂ ಎತ್ತಿರಲಿಲ್ಲ. ನಂಬರು ಮೂಡುಬಿದಿರೆ ಹತ್ತಿರದ ಪುತ್ತಿಗೆಯ ರಿಷಭ್ ಜೈನನದು.

"ರಿಷಭನಾ?" ಶೆಟ್ಟರು ಬೆಚ್ಚಿದರು. "ಚಿಕ್ಕಂದಿನ ಸ್ನೇಹಿತ. ಆ ಕಾರನ್ನು ಇಬ್ಬರೂ ಸೇರಿ ಅವನ ಅಂಗಳದಲ್ಲೇ ಬಿಚ್ಚಿ ಕಟ್ಟಿದ್ದು ಮೇಡಂ. ನಿನ್ನೆ ಚಟ್ಟಕ್ಕೆ ಹೆಗಲು ಕೊಟ್ಟವನು ಅವನು."

ರಿಷಭ್ ಮನೆಯ ಹಿಂದಿನ ಕೊಟ್ಟಿಗೆಯಲ್ಲಿದ್ದ. ಕಣ್ಣು ಬಾತಿತ್ತು.

"ರೋಹಿತನ ಕಾರನ್ನು ಕೊನೆಗೆ ನೋಡಿದ್ದು ಯಾವಾಗ?"

"ಹೋದ ಆದಿತ್ಯವಾರ. ಇಲ್ಲಿ ಅಂಡರ್ ಆರ್ಮ್ ಕ್ರಿಕೆಟ್ ಇತ್ತು. ಅವ ಆಡ್ಲಿಕ್ಕೆ ಬಂದಿದ್ದ."

"ಕೀ ಯಾರ ಹತ್ತಿರ ಇತ್ತು?"

"ನನ್ನ ಹತ್ತಿರ."

"ಕಾರಿಗೆ ಕೈ ಹಾಕಿದ್ದೀಯಾ?"

"ಇಲ್ಲ."

"ಪಂಪಿನ ಪೈಪ್ ಬದಲಾಗಿದೆ. ಅದೇ ಒಡೆದದ್ದು."

"ಒಡೀಲಿಕ್ಕೆ ಸಾಧ್ಯವೇ ಇಲ್ಲ ಮೇಡಂ! ಮದ್ದಿನ ಪೈಪ್ ಅಲ್ಲಿಗೆ ಬರುವ ಪೆಟ್ರೋಲಿನ ಐದು ಪಾಲು ಪ್ರೆಷರ್ ತಡೀತದೆ..."

ಪೈಪು ಎಂದಿದ್ದಳೇ ಹೊರತು ಯಾವ ಪೈಪು ಎಂದು ಶಶಿಪ್ರಭಾ ಹೇಳಿರಲಿಲ್ಲ. ರುಕ್ಮಯ್ಯ ತಲೆಯೆತ್ತಿ ನೋಡಿದ. ರಿಷಭನಿಗೂ ಅರ್ಥವಾಯಿತು.

ಒತ್ತಡವನ್ನೇನೋ ಆ ಪೈಪು ತಡೆಯುತ್ತಿತ್ತು. ತಡೆಯದಿದ್ದದ್ದು ಪೆಟ್ರೋಲನ್ನು. ಒಂದು ವಾರದಲ್ಲಿ ಪೆಟ್ರೋಲು ಅದರ ಸತ್ವ ತಿಂದಿತ್ತು, ಎಂಜಿನ್ನಿನ ಬಿಸಿಗೆ ಸೀಳು ಬಿಟ್ಟಿತು. ತೋಟದಲ್ಲಿ ವರ್ಷಗಟ್ಟಲೆ ಬಾಳಿದ್ದನ್ನು ಕಂಡವನಿಗೆ ಆ ಸಂಶಯವೇ ಬಂದಿರಲಿಲ್ಲ. ಕೊಟ್ಟಿಗೆಯ ಅಟ್ಟದಲ್ಲಿ ತುದಿ ಕತ್ತರಿಸಿದ ಹಳದಿ ಪೈಪಿನ ಸುರುಳಿ ಸಿಕ್ಕಿತು. ಅದರ ಅಡಿಯಲ್ಲಿ ಇಬ್ರಾಹಿಂ ಹಾಕಿದ್ದ ಕಪ್ಪು ಪೈಪು, ಬಟ್ಟೆಯಲ್ಲಿ ಸುತ್ತಿ ಇಟ್ಟದ್ದು. ಎರಡನ್ನೂ ಪಂಚರ ಸಮಕ್ಷಮ ವಶಪಡಿಸಿಕೊಂಡು, ಸಂಜೆ ನಾಲ್ಕಕ್ಕೆ ರಿಷಭನನ್ನು ಬಂಧಿಸಿದರು. ಇಬ್ರಾಹಿಂನ ಹೆಸರನ್ನು ಪ್ರಕರಣದಿಂದ ಬಿಡಲು ಕೋರ್ಟಿಗೆ ವರದಿ ಹೋಯಿತು. ಸುದ್ದಿ ತಿಳಿದ ಶೆಟ್ಟರು ಕಾರು ಹತ್ತಿ ಫರಂಗಿಪೇಟೆಗೆ ಹೋದರು, ಗ್ಯಾರೇಜಿನ ಎದುರಿದ್ದವರನ್ನು ತಾವೇ ನಿಂತು ಮನೆಗೆ ಕಳಿಸಿದರು.

ಹೇಳಿಕೆ ಬರೆದುಕೊಳ್ಳುವಾಗ ಶಶಿಪ್ರಭಾಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಸಂಕಟವಾಯಿತು.

"ಕೊಲ್ಲಬೇಕು ಅಂತ ಇರ್ಲಿಲ್ಲ ಮೇಡಂ. ಆ ಕಪ್ಪು ಪೈಪನ್ನು ಸಡಿಲ ಮಾಡ್ಲಿಕ್ಕೆ ಆಗುವುದಿಲ್ಲ, ಅದಕ್ಕೆ ಮದ್ದಿನ ಪೈಪ್ ಹಾಕಿ ಕ್ಲಿಪ್ ಸ್ವಲ್ಪ ಸಡಿಲ ಇಟ್ಟದ್ದು. ವಾಸನೆ ಮಾತ್ರ ಬರ್ಲಿ ಅಂತ."

"ಯಾಕೆ?"

"ಮೂರು ವರ್ಷ ಆ ಗಾಡಿಗೆ ನಾನೇ ಕೈ ಹಾಕಿದ್ದು. ಈ ಸಲ, ಇದು ನಿನ್ನಿಂದ ಆಗುವ ಕೆಲಸ ಅಲ್ಲ ಮಾರಾಯ ಅಂತ ನಗಾಡಿ ಫರಂಗಿಪೇಟೆಗೆ ಹೋದ. ಅಲ್ಲಿನ ಕೆಲಸ ಸರಿ ಇಲ್ಲ ಅಂತ ಆದ್ರೆ ಪುನಃ ಬರ್ತಾನೆ ಅಂತ..."

"ಅವನು ಫೋನ್ ಮಾಡಿದಾಗ ಎತ್ತಲಿಲ್ಲ."

"ಸ್ವಲ್ಪ ಕಾಯಿಸುವ ಅಂತ ಕಂಡಿತು."

ಶಶಿಪ್ರಭಾ ಪೆನ್ನು ಕೆಳಗಿಟ್ಟಳು. "ಅವನು ಬರ್ತಾ ಇದ್ದದ್ದು ನಿನ್ನ ಹತ್ತಿರ."

"ಗೊತ್ತುಂಟು ಮೇಡಂ," ಎಂದ ರಿಷಭ್. "ಗೇಟು ತೆಗೆದಿಟ್ಟಿದ್ದೆ."