ಮಾಂಸಕ್ಕಷ್ಟೇ ಉತ್ತರಿಸುವ ಟ್ಯಾಗ್

ಇದನ್ನು ಹೇಳಿದ ಮೇಲೆ ಕೈ ತೊಳೆಯದೆ ನನಗೆ ಊಟ ಸೇರುವುದಿಲ್ಲ. ತೊಳೆದರೂ ಅಷ್ಟಕ್ಕಷ್ಟೇ.

ನಾನು ಬ್ಯಾಟರಿಯಿಲ್ಲದ ಟ್ಯಾಗ್ ಮಾಡುವವನು. ಟ್ಯಾಗ್ ಓದುವ ಯಂತ್ರವನ್ನು, ಅಂದರೆ ರೀಡರನ್ನು, ಅದರತ್ತ ಹಿಡಿದರೆ ಸಾಕು, ಅದರ ರೇಡಿಯೋ ಅಲೆಯನ್ನೇ ಉಂಡು, ತಾನು ಅಂಟಿಕೊಂಡ ವಸ್ತು ಎಷ್ಟು ಬಿಸಿಯಿದೆಯೆಂದು ಟ್ಯಾಗ್ ಹೇಳುತ್ತದೆ. ಮಾಂಸದ ಕೋಲ್ಡ್ ಸ್ಟೋರೇಜಿಗೆಂದು ಮಾಡಿದ ಟ್ಯಾಗಿನ ಆಂಟೆನಾವನ್ನು ಹಸಿ ಮಾಂಸಕ್ಕೆಂದೇ ಅಳೆದು ಕತ್ತರಿಸಿದ್ದೆ. ಮಾಂಸಕ್ಕೆ ಅಂಟಿದರೆ ಮಾತಾಡುತ್ತದೆ. ಮರಕ್ಕೋ ಗೋಡೆಗೋ ಅಂಟಿಸಿದರೆ ತುಟಿ ಬಿಚ್ಚುವುದಿಲ್ಲ.

ಟ್ಯಾಗ್ ಪರೀಕ್ಷಿಸಲು ಹೋದ ದಿನ ಮಧ್ಯಾಹ್ನ ಮಾಂಸವಿಡುವ ಕೋಣೆಯನ್ನು ಖಾಲಿ ಮಾಡಿ ತೊಳೆದಿದ್ದರು. ಆದರೂ ಜಿಡ್ಡು ನಾತ ಗಂಟಲಿಗೆ ಅಂಟುತ್ತಿತ್ತು. ಚಳಿ ಸೊನ್ನೆ ಡಿಗ್ರಿ. ರೀಡರಿನ ಗುಂಡಿ ಒತ್ತಿದೆ. ಒಂದು ಟ್ಯಾಗ್ ಉತ್ತರಿಸಿತು: ಮೂವತ್ತೇಳು. ಬದುಕಿರುವ ಮೈಯ ಬಿಸಿ.

"ಯಾರೋ ಮೂಲೆ ಗೋಡೆಗೆ ಅಂಟಿಸಿಬಿಟ್ಟಿದಾರೆ ಸಾರ್," ಎಂದರು ಸ್ಟೋರ್ ನೋಡಿಕೊಳ್ಳುವ ಹಿರಿಯರು.

"ಕಿತ್ತುಬಿಡಿ ಅಣ್ಣ."

"ನೀವೇ ಕೀಳಿ. ಎರಡು ಸಲ ಪೇಂಟ್ ಹೊಡೆದೆ, ಆ ಜಾಗ ಒಣಗೋದೇ ಇಲ್ಲ. ಮುಟ್ಟೋಕೆ ಹೇಸಿಗೆ ನಂಗೆ."

ಟ್ಯಾಗಿನ ಹಿಂದೆ ಮಾಂಸದ ಚೂರೇನೋ ಸಿಕ್ಕಿಕೊಂಡಿರಬೇಕೆಂದು ಉಗುರು ತೂರಿಸಿ ಎಳೆದೆ. ಗಾಯದ ಪಟ್ಟಿ ಕಿತ್ತ ಹಾಗೆ, ಹಿಡಿದು ಹಿಡಿದು ಬಂತು. ಚೂರು ಇರಲಿಲ್ಲ. ಅಂಟಿನ ತುಂಬ ಮುಂಗೈ ಮೇಲಿರುವಂಥ ಮೃದುವಾದ ರೋಮ. ಬೆರಳಿಗೆ ಬೆಚ್ಚಗಿನ ಲೋಳೆ. ಅಲ್ಲಿದ್ದ ಬಕೆಟ್ಟಿಗೇ ಕಕ್ಕಿಕೊಂಡೆ.

ಆದರೂ ಹಾಳು ಹಟ. ಪಕ್ಕದಲ್ಲೇ ಹೊಸ ಟ್ಯಾಗ್ ಅಂಟಿಸಿ, ದೂರ ನಿಂತು ಓದಿದೆ. ಮೂವತ್ತೇಳು.

ಸಂಜೆ ಮತ್ತೆ ಓದಿದಾಗ ಮೂವತ್ತೊಂಬತ್ತೂವರೆ. ನಾನು ಕಿತ್ತ ಜಾಗದ ಸುತ್ತ ಗೋಡೆ ಕೆಂಪಗೆ ಊದಿತ್ತು.