ಅಳಿಸಿಹೋದ ಮೊಣಕಾಲು

ಬಸವಂತಮ್ಮನ ಮೊಣಕಾಲು ಕಾಣೆಯಾಗಿತ್ತು. ಕಾಲಲ್ಲ, ಅದರ ಸ್ಕ್ಯಾನ್.

ನಾಳೆ ಆಪರೇಷನ್. ದೇವದುರ್ಗದಿಂದ ಮೊದಲ ಬಸ್ಸಿಗೆ ಬಂದವಳು ರಾಯಚೂರಿನ ಸ್ಕ್ಯಾನಿಂಗ್ ಸೆಂಟರಿನ ಬೆಂಚಿನ ಮೇಲೆ ಕೂತಿದ್ದಳು. ಎಲ್ಲರ ಸ್ಕ್ಯಾನುಗಳನ್ನೂ ಕೂಡಿಡುವ ಸ್ಟೋರೇಜ್ ಪೆಟ್ಟಿಗೆಯಲ್ಲಿ ಆಕೆಯದೊಂದೇ ಇರಲಿಲ್ಲ.

ಪೆಟ್ಟಿಗೆಯ ಉಸ್ತುವಾರಿ ನೋಡುವ ವಿಜಯಶ್ರೀ ಬೆಳಿಗ್ಗೆಯಿಂದ ತಲೆ ಚಚ್ಚಿಕೊಳ್ಳುತ್ತಿದ್ದಳು. ಡಿಸ್ಕ್ ಕೆಟ್ಟಿರಲಿಲ್ಲ. ಕರೆಂಟೂ ಹೋಗಿರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಮಾಲೀಕ ವಿರೂಪಣ್ಣ ಇಣುಕಿ, ಆಯಿತೇ ಎಂದು ಕೇಳುತ್ತಿದ್ದರು. ಅವಳಿಗೆ ರೇಗಿಹೋಗಿತ್ತು.

ಕೊನೆಗೆ ಪೆಟ್ಟಿಗೆ ತಾನೇ ಬರೆದಿಡುವ ಲಾಗ್ ತೆಗೆದಳು. ಒಂದು ಸಾಲು ಸಿಕ್ಕಿತು. ಹದಿನಾಲ್ಕನೇ ತಾರೀಖು, ಮಧ್ಯಾಹ್ನ ಒಂದೂಕಾಲು. ಅಳಿಸಿದವರು: ಹಫೀಜ್.

ಹಫೀಜ್ ಅಲ್ಲಿನ ಆಪರೇಟರ್. ಅವನನ್ನು ಕೆಲಸದಿಂದ ತೆಗೆದು ಪೊಲೀಸರಿಗೆ ಕೊಡುತ್ತೇನೆ ಎಂದು ವಿರೂಪಣ್ಣ ಫೋನ್ ಎತ್ತಿಕೊಂಡರು.

“ನಾ ಮುಟ್ಟೇ ಇಲ್ರೀ ಸಾಹುಕಾರ್ರ,” ಎಂದ ಹಫೀಜ್. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

“ಆವತ್ತು ನಾ ಮಾನ್ವಿ ಶಾಖೆದಾಗ ಇದ್ನಿರಿ,” ಎಂದ ಮ್ಯಾನೇಜರ್ ಸುಭಾಷ್. “ಊಟದ ಹೊತ್ನ್ಯಾಗ ಇಲ್ಲಿ ಇವನೊಬ್ಬನ ಇರ್ತಾನ.”

ಸುಭಾಷನನ್ನು ಕೇಳಿದವರು ಯಾರು? ವಿಜಯಶ್ರೀ ಸಿಡುಕುತ್ತಲೇ ಮತ್ತೆ ಲಾಗಿಗೆ ತಿರುಗಿದಳು.

*

ಅರ್ಧ ಗಂಟೆಯ ಮೇಲೆ ಗೋಡೆಯ ಕ್ಯಾಲೆಂಡರ್ ನೋಡಿದಳು.

“ಹದಿನಾಲ್ಕು ಶುಕ್ರವಾರ. ಶುಕ್ರವಾರ ಒಂದೂಕಾಲಕ್ಕ ಹಫೀಜ್ ಎಲ್ಲಿರ್ತಾನ್ರೀ?”

ವಿರೂಪಣ್ಣ ಫೋನ್ ಕೆಳಗಿಟ್ಟರು. “ಮಸೀದ್ಯಾಗ. ಎರಡಕ್ಕ ಬರ್ತಾನ.”

ಆಮೇಲೆ ಅವಳು ಬಿಡಿಸಿ ಹೇಳಿದಳು. ಲಾಗಿನ ಪ್ರತಿ ಸಾಲಿಗೂ ಒಂದು ಕ್ರಮಸಂಖ್ಯೆ ಇರುತ್ತದೆ. ಪೆಟ್ಟಿಗೆಯೊಳಗಿನ ಗಡಿಯಾರ ತಿರುಗಿಸಬಹುದು, ಸಂಖ್ಯೆ ತಿರುಗಿಸಲಾಗದು. ಅಳಿಸಿದ ಸಾಲಿನ ಹಿಂದಿನದೂ ಮುಂದಿನದೂ ಹದಿನಾರನೇ ತಾರೀಖಿನವು. ಅಂದರೆ ನಿನ್ನೆ, ಭಾನುವಾರ, ಯಾರೋ ಗಡಿಯಾರವನ್ನು ಎರಡು ದಿನ ಹಿಂದೆ ಹಾಕಿ, ಸ್ಕ್ಯಾನ್ ಅಳಿಸಿ, ಮತ್ತೆ ಸರಿಮಾಡಿದ್ದರು. ಹಫೀಜನ ಪಾಸ್‌ವರ್ಡ್ ಕೀಬೋರ್ಡಿಗೇ ಅಂಟಿಸಿತ್ತು, ಯಾರು ಬೇಕಾದರೂ ನೋಡಬಹುದು. ಗಡಿಯಾರ ಬದಲಿಸುವ ಪಾಸ್‌ವರ್ಡ್ ಇದ್ದದ್ದು ಸುಭಾಷನೊಬ್ಬನ ಹತ್ತಿರ. ತಾನು ಮಾನ್ವಿಯಲ್ಲಿದ್ದ ತಾರೀಖನ್ನು ಆರಿಸಿಕೊಂಡವನು ವಾರ ನೋಡಿರಲಿಲ್ಲ.

ಸುಭಾಷ್ ಬಾಗಿಲ ಕಡೆಗೆ ಸರಿದ.

ಅಳಿಸಿದ್ದನ್ನು ಅವಳು ವಾಪಸ್ ತಂದಳು. ಡಾಕ್ಟರ ಚೀಟಿಯಲ್ಲಿ ಬಲಗಾಲು, ಪರದೆಯ ಮೇಲೆ ಎಡಗಾಲು. ಸ್ಕ್ಯಾನ್ ಮಾಡಿದವನು ಸುಭಾಷನೇ ಎಂದು ಅದರ ಮೇಲೇ ಇತ್ತು. ತಪ್ಪು ಗೊತ್ತಾದ ಮೇಲೆ ಅದನ್ನು ಅಳಿಸಿ, ಅಳಿಸಿದ್ದನ್ನು ಹಫೀಜನ ತಲೆಗೆ ಕಟ್ಟಲು ಹೊರಟಿದ್ದ.

ಬಾಗಿಲಲ್ಲಿ ಬಸವಂತಮ್ಮ ಸುಭಾಷನನ್ನೇ ನೋಡುತ್ತ ನಿಂತಿದ್ದಳು. “ನೋವು ಈ ಕಾಲಿಗೆ ಅಂತ ಆವತ್ತೇ ಬಡ್ಕೊಂಡೆ. ಸುಮ್ನ ಮಲ್ಕೋ ಅಂದಿ.”

ಹೊಸದಾಗಿ ಸ್ಕ್ಯಾನ್ ಮಾಡಲು ವಿರೂಪಣ್ಣ ಹೇಳಿದರು, ಹಫೀಜನ ಮುಖ ನೋಡದೆ. ಹಫೀಜ್ ಬಂದು ಆಕೆಯ ಕೈ ಹಿಡಿದ.

“ಯಾವ ಕಾಲು, ಯವ್ವಾ?”